ಇಮ್ಜಿನ್ ನದಿಯ ಹಾಡು

ಹುಡುಗ ಜಪಾನೀಯ, ಹುಡುಗಿ ಕೊರಿಯನ್. ಇಬ್ಬರೂ ಇರುವುದು ಒಂದೇ ಊರಿನಲ್ಲಿ. ಇಬ್ಬರೂ ಓದುವುದು ಹೈಸ್ಕೂಲಿನಲ್ಲಿ. ಆದರೂ ಅವರ ನಡುವೆ ಒಂದು ನದಿಯಿದೆ. ಅದಕ್ಕಿಂತ ಅಗಲವಾದ ಅರ್ಧ ಶತಮಾನದ ಇತಿಹಾಸವೂ ಇದೆ.

ಕಝುಯುಕಿ ಇಝುತ್ಸು ನಿರ್ದೇಶಿಸಿದ 'ಪಚ್ಚಿಗಿ' ಎಂಬ ಜಪಾನಿ ಚಿತ್ರದ ಕಥಾವಸ್ತು ಇದು. 2005ರಲ್ಲಿ ತೆರೆಕಂಡ ಈ ಚಿತ್ರವನ್ನು ಜಪಾನಿನ ಹೆಸರಾಂತ ಸಿನಿಮಾ ಪತ್ರಿಕೆ 'ಕಿನೆಮಾ ಜುಂಪೊ' ಆ ವರ್ಷದ ಅತ್ಯುತ್ತಮ ಜಪಾನಿ ಚಿತ್ರವೆಂದು ಆರಿಸಿತು. ಪಚ್ಚಿಗಿ ಎಂಬುದು ಕೊರಿಯನ್ ಮೂಲದ ಮಾತು. ಟಗರಿನಂತೆ ಹಣೆಯಿಂದ ಡಿಕ್ಕಿ ಹೊಡೆಯುವುದು ಎಂದು ಅರ್ಥ.

ಕಥೆ ನಡೆಯುವುದು 1968ರ ಕ್ಯೋಟೊ ನಗರದಲ್ಲಿ. ಜಪಾನಿ ಶಾಲೆಯ ಹುಡುಗರಿಗೂ ಕೊರಿಯನ್ ಶಾಲೆಯ ಹುಡುಗರಿಗೂ ದಿನಬೆಳಗಾದರೆ ಹೊಡೆದಾಟ. ಇದಕ್ಕೊಂದು ಕೊನೆ ಹಾಡಲು ಫುಟ್‌ಬಾಲ್ ಪಂದ್ಯ ಏರ್ಪಡಿಸೋಣವೆಂದು ಕೋಸುಕೆ ಎಂಬ ಹುಡುಗನನ್ನು ಮೇಷ್ಟ್ರು ಕೊರಿಯನ್ ಶಾಲೆಗೆ ಕಳುಹಿಸುತ್ತಾರೆ. ಅಲ್ಲಿ ಕ್ಯೋಂಗ್‌ಜಾ ಎಂಬ ಹುಡುಗಿ ಕೊಳಲಿನಲ್ಲಿ ನುಡಿಸುತ್ತಿದ್ದ ಹಾಡಿಗೆ ಅವನು ಮನಸೋಲುತ್ತಾನೆ. ಅದೇ 'ಇಮ್ಜಿನ್ ನದಿ'. ಅವಳನ್ನು ಮಾತನಾಡಿಸಲೆಂದೇ ಅವನು ಗಿಟಾರ್ ಕಲಿಯುತ್ತಾನೆ, ಕೊರಿಯನ್ ಭಾಷೆಯನ್ನೂ ಕಲಿಯತೊಡಗುತ್ತಾನೆ.

ಕ್ಯೋಟೊದಲ್ಲಿ ಕೊರಿಯನ್ ಶಾಲೆ ಏಕೆ ಬಂತು? ಉತ್ತರಕ್ಕೆ 1910ಕ್ಕೆ ಹೋಗಬೇಕು. ಆ ವರ್ಷ ಜಪಾನು ಕೊರಿಯವನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡಿತು. ಭೂಮಿ ಕಳೆದುಕೊಂಡವರು, ಕೂಲಿ ಅರಸಿದವರು ಸಮುದ್ರ ದಾಟಿ ಜಪಾನಿಗೆ ಬಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಣಿಗಳಿಗೆ, ಕಾರ್ಖಾನೆಗಳಿಗೆ ಬಲವಂತದಿಂದ ಜನರನ್ನು ಸಾಗಿಸಲಾಯಿತು. 1945ರಲ್ಲಿ ಜಪಾನು ಸೋತಾಗ ಅಲ್ಲಿ ಸುಮಾರು 20 ಲಕ್ಷ ಕೊರಿಯನ್ನರಿದ್ದರು. ಬಹುಪಾಲು ಜನ ತಾಯ್ನಾಡಿಗೆ ಮರಳಿದರು. ಸುಮಾರು 6 ಲಕ್ಷ ಮಂದಿ ಉಳಿದರು.

ಉಳಿದವರ ಪಾಡು ವಿಚಿತ್ರವಾಗಿತ್ತು. ಅಷ್ಟು ಕಾಲ ಅವರನ್ನು ಸಾಮ್ರಾಟನ ಪ್ರಜೆಗಳೆಂದು ಕರೆದಿದ್ದ ಜಪಾನು, 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಶಾಂತಿ ಒಪ್ಪಂದ ಜಾರಿಗೆ ಬಂದಾಗ ಅವರ ರಾಷ್ಟ್ರೀಯತೆ ರದ್ದಾಯಿತೆಂದು ಸಾರಿತು. ಜಪಾನಿನ ಪೌರತ್ವ ಬರುವುದು ಹುಟ್ಟಿದ ನೆಲದಿಂದಲ್ಲ, ಹೆತ್ತವರಿಂದ. ಹೀಗಾಗಿ ಮಕ್ಕಳು, ಮೊಮ್ಮಕ್ಕಳು ಕೂಡ ಹುಟ್ಟಿದೂರಿನಲ್ಲೇ ಪರದೇಶಿಗಳಾದರು. ಅಪರಾಧಿಗಳಂತೆ ಬೆರಳಚ್ಚು ಒತ್ತಬೇಕಾಯಿತು. ಖಾಯಂ ನಿವಾಸಿಗಳಿಗೆ ಆ ಕಡ್ಡಾಯ ತಪ್ಪಿದ್ದು 1993ರಲ್ಲಿ. ಕೆಲಸಕ್ಕಾಗಿ, ಬಾಡಿಗೆ ಮನೆಗಾಗಿ ಎಷ್ಟೋ ಜನ ಜಪಾನಿ ಹೆಸರಿನ ಮರೆಯಲ್ಲಿ ಬದುಕಿದರು. ತಾಯ್ನಾಡೇ ಇಬ್ಭಾಗವಾಗಿದ್ದರಿಂದ ಮರಳುವ ದಾರಿಯೂ ಸುಲಭವಿರಲಿಲ್ಲ. 1959ರ ಡಿಸೆಂಬರ್‌ನಿಂದ 1984ರವರೆಗೆ 93 ಸಾವಿರಕ್ಕೂ ಹೆಚ್ಚು ಮಂದಿ ನಿಗಾತ ಬಂದರಿನಿಂದ ಉತ್ತರ ಕೊರಿಯಕ್ಕೆ ಹಡಗು ಹತ್ತಿದರು. ಅವರಲ್ಲಿ ಹೆಚ್ಚಿನವರ ಮೂಲ ಊರುಗಳಿದ್ದುದು ದಕ್ಷಿಣದಲ್ಲಿ!

ಇಮ್ಜಿನ್ ಹಾಡಿನ ಹಿಂದಿರುವುದೂ ಇದೇ ಸಂಕಟ. ಉತ್ತರ ಕೊರಿಯದಲ್ಲಿ ಹುಟ್ಟಿ, ಗಡಿ ದಾಟಿ ದಕ್ಷಿಣಕ್ಕೆ ಹರಿದು, ಹಾನ್ ನದಿಯನ್ನು ಕೂಡಿಕೊಳ್ಳುವ ನದಿ ಅದು. ನೀರಿಗೆ, ಹಕ್ಕಿಗಳಿಗೆ ಇಲ್ಲದ ತಡೆ ಮನುಷ್ಯನಿಗೇಕೆ ಎಂಬುದು ಹಾಡಿನ ಭಾವ. 1957ರ ಈ ಗೀತೆಯನ್ನು ಬರೆದ ಪಾಕ್ ಸೆ-ಯೋಂಗ್ ದಕ್ಷಿಣದಲ್ಲಿ ಹುಟ್ಟಿ ಉತ್ತರದಲ್ಲಿ ನೆಲೆಸಿದ ಕವಿ. ಉತ್ತರ ಕೊರಿಯದ ರಾಷ್ಟ್ರಗೀತೆಯೂ ಅವರದೇ. ರಾಗ ಹಾಕಿದವರು ಕೋ ಜೋಂಗ್-ಹ್ವಾನ್.

ಈ ಹಾಡು ಜಪಾನೀಯರನ್ನು ತಲುಪಿದ್ದು ಕೋಸುಕೆಯಂಥ ಒಬ್ಬ ಹುಡುಗನಿಂದಲೇ. ತಕೇಶಿ ಮತ್ಸುಯಾಮ ಎಂಬ ಕ್ಯೋಟೊದ ಬಾಲಕ ಫುಟ್‌ಬಾಲ್ ಪಂದ್ಯದ ಮಾತಿಗೆಂದು ಕೊರಿಯನ್ ಶಾಲೆಗೆ ಹೋದಾಗ ಇದನ್ನು ಕೇಳಿದ್ದ. ಮುಂದೆ ಅವನೇ ಜಪಾನಿ ಸಾಹಿತ್ಯ ಹೊಂದಿಸಿ, ತನ್ನ ಸಾಲುಗಳನ್ನೂ ಸೇರಿಸಿ, 'ಫೋಕ್ ಕ್ರುಸೇಡರ್ಸ್' ಎಂಬ ಗಾಯಕ ತಂಡಕ್ಕೆ ಕೊಟ್ಟ. ಕರ್ತೃ ಯಾರೆಂದು ತಿಳಿಯದ ಜಾನಪದ ಗೀತೆಯೆಂದೇ ಅವರೆಲ್ಲ ನಂಬಿದ್ದರು. 1968ರ ಫೆಬ್ರವರಿಯಲ್ಲಿ ಧ್ವನಿಮುದ್ರಿಕೆ ಇನ್ನೇನು ಹೊರಬರಬೇಕು, ಆಗ ಉತ್ತರ ಕೊರಿಯದ ಪರವಾದ ನಿವಾಸಿ ಕೊರಿಯನ್ನರ ಸಂಘ ಆಕ್ಷೇಪವೆತ್ತಿತು. ಇದು ನಮ್ಮ ದೇಶದ ಹಾಡು, ದೇಶದ ಹೆಸರನ್ನೂ ಕವಿಯ ಹೆಸರನ್ನೂ ನಮೂದಿಸಿ ಎಂಬುದು ಅದರ ಬೇಡಿಕೆ. ದಕ್ಷಿಣ ಕೊರಿಯದೊಡನೆ ಜಪಾನು 1965ರಲ್ಲಷ್ಟೇ ರಾಜತಾಂತ್ರಿಕ ಸಂಬಂಧ ಬೆಳೆಸಿತ್ತು. ಉತ್ತರದ ಹೆಸರನ್ನು ಅಚ್ಚು ಹಾಕುವುದು ನಾಜೂಕಿನ ವಿಷಯ. ತೋಶಿಬಾ ಕಂಪೆನಿ ಬಿಡುಗಡೆಯನ್ನೇ ಕೈಬಿಟ್ಟಿತು. ಆ ಮುದ್ರಿಕೆ ಮಾರುಕಟ್ಟೆ ಕಂಡದ್ದು 34 ವರ್ಷಗಳ ನಂತರ, 2002ರಲ್ಲಿ. ಮತ್ಸುಯಾಮ ಅವರ ನೆನಪಿನ ಪುಸ್ತಕವೇ 'ಪಚ್ಚಿಗಿ'ಗೆ ಆಧಾರ.

ಚಿತ್ರದ ಹೆಚ್ಚುಗಾರಿಕೆಯಿರುವುದು ಪ್ರೇಮವನ್ನು ಸುಲಭದ ಮದ್ದಾಗಿ ತೋರಿಸದಿರುವುದರಲ್ಲಿ. ಕೋಸುಕೆ ಕಾಮೋ ನದಿಯನ್ನು ದಾಟಿ ಬಂದು ಪ್ರೀತಿಯನ್ನು ಹೇಳಿಕೊಂಡಾಗ ಕ್ಯೋಂಗ್‌ಜಾ ಕೇಳುವುದು ಒಂದೇ ಪ್ರಶ್ನೆ: ನಾವು ಮದುವೆಯಾದರೆ ನೀನು ಕೊರಿಯನ್ ಆಗಬಲ್ಲೆಯಾ? ಅವನು ನಿರುತ್ತರನಾಗುತ್ತಾನೆ. ಕೊರಿಯನ್ನರು ಜಪಾನೀಯರಾಗಬೇಕೆಂದು ಬಯಸುವ ಸಮಾಜದಲ್ಲಿ ಆ ಪ್ರಶ್ನೆಯನ್ನು ತಿರುಗಿಸಿ ಕೇಳಿದವರೇ ಇರಲಿಲ್ಲ.

ಮುಂದೆ ಕೊರಿಯನ್ ಗೆಳೆಯನೊಬ್ಬ ಸಾವಿಗೀಡಾದಾಗ, ಶವದ ಮುಂದೆ ಕುಳಿತ ಹಿರಿಯನೊಬ್ಬ ಕೋಸುಕೆಯನ್ನು ಗದರಿಸಿ ಎಬ್ಬಿಸುತ್ತಾನೆ. ತನ್ನನ್ನು ಹೇಗೆ ಹಿಡಿದು ತಂದರು, ಇಲ್ಲಿನ ಸುರಂಗವನ್ನು ಕೊರೆದವರು ಯಾರು, ಇದೆಲ್ಲ ನಿನಗೇನು ಗೊತ್ತು ಎಂದು ಕೇಳುತ್ತಾನೆ. ಹೊರಬಂದ ಹುಡುಗ ಸೇತುವೆಯ ಮೇಲೆ ಗಿಟಾರನ್ನು ಬಡಿದು ಮುರಿಯುತ್ತಾನೆ. ಹಾಡು ಬಾಯಿಗೆ ಬಂದಿತ್ತು, ಹಾಡಿನ ಹಿಂದಿನ ನೋವು ತಿಳಿದಿರಲಿಲ್ಲ. ಅದನ್ನು ತಿಳಿದ ಮೇಲೆ ಅವನು ರೇಡಿಯೊ ನಿಲಯದಲ್ಲಿ ನಿಂತು ಅದೇ ಹಾಡನ್ನು ಹಾಡುತ್ತಾನೆ.

ಕವಿಯ ಹೆಸರು ತಿಳಿಯದ ಹಾಡು ಚೆನ್ನಾಗಿಯೇ ಕೇಳಿಸಬಹುದು. ಆದರೆ ಅದು ಯಾರ ಹಾಡು ಎಂದು ಕೇಳುವವರು ಎದುರಿಗೇ ಇದ್ದಾಗ, ಚೆನ್ನಾಗಿದೆ ಎಂದಷ್ಟೇ ಹೇಳಿದರೆ ಸಾಲದು. 1968ರಲ್ಲಿ ಧ್ವನಿಮುದ್ರಿಕೆಗೆ ಎದುರಾದ ಪ್ರಶ್ನೆಯೇ ಚಿತ್ರದಲ್ಲಿ ಆ ಹುಡುಗನಿಗೂ ಎದುರಾಗುತ್ತದೆ. ಕಂಪೆನಿ ಮುದ್ರಿಕೆಯನ್ನು ಕಪಾಟಿನಲ್ಲಿಟ್ಟು ಸುಮ್ಮನಾಯಿತು. ಹುಡುಗ ಉತ್ತರ ಹುಡುಕಿಕೊಂಡು ಮತ್ತೆ ಹಾಡಿದ.