ಕಾರಣ ಹೇಳದ ವಜಾ

ನೌಕರಿಯಿಂದ ತೆಗೆದುಹಾಕುವ ಆಜ್ಞೆ ಎರಡು ಬಗೆಯದು. ತಪ್ಪನ್ನು ಹೆಸರಿಸಿ ದಂಡಿಸುವುದು ಒಂದು. ಏನನ್ನೂ ಹೇಳದೆ ಬಾಗಿಲು ತೋರಿಸುವುದು ಇನ್ನೊಂದು. ಮೊದಲನೆಯದಕ್ಕೆ ಮನುಷ್ಯ ಉತ್ತರ ಕೊಡಬಲ್ಲ. ಎರಡನೆಯದರಲ್ಲಿ ಉತ್ತರ ಕೊಡುವುದಾದರೂ ಯಾವುದಕ್ಕೆ? ಈ ಎರಡನೆಯ ಬಗೆಯ ಆಜ್ಞೆಯನ್ನು ನಮ್ಮ ನ್ಯಾಯಾಲಯಗಳು ಹೇಗೆ ಎದುರಿಸಿದವೆಂಬುದನ್ನು ಸ್ಥೂಲವಾಗಿ ಹೇಳಬಯಸುತ್ತೇನೆ.

ಇದರ ಬೇರು ಇಂಗ್ಲೆಂಡಿನ ಅರಸೊತ್ತಿಗೆಯಲ್ಲಿದೆ. ಅರಸನ ಮರ್ಜಿ ಇರುವ ತನಕ ಮಾತ್ರ ಸೇವಕನಿಗೆ ಸೇವೆ. ನಮ್ಮ ಸಂವಿಧಾನದ 310ನೆಯ ವಿಧಿ ಈ ತತ್ತ್ವವನ್ನು ಉಳಿಸಿಕೊಂಡಿತು. ಆದರೆ ಅದರ ಬೆನ್ನಿಗೇ ಬರುವ 311ನೆಯ ವಿಧಿ, ಕೆಲವು ಅಪವಾದಗಳನ್ನು ಬಿಟ್ಟರೆ, ಆರೋಪವನ್ನು ತಿಳಿಸಿ ವಿಚಾರಣೆ ನಡೆಸದೆ ಸರ್ಕಾರಿ ನೌಕರನನ್ನು ವಜಾ ಮಾಡಲಾಗದೆಂದು ಕಟ್ಟು ಹಾಕಿತು. ಆಗಲೂ ರೈಲ್ವೆಯ ನಿಯಮಗಳು ಖಾಯಂ ನೌಕರರನ್ನು ಬರಿಯ ನೋಟೀಸಿನಿಂದ ಮನೆಗೆ ಕಳಿಸಲು ಎಡೆಗೊಟ್ಟಿದ್ದವು. 1963ರಲ್ಲಿ ಮೋತಿರಾಮ್ ಡೇಕಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅವುಗಳನ್ನು ಅಸಿಂಧುವೆಂದಿತು.

ಆದರೆ 311ನೆಯ ವಿಧಿಯ ರಕ್ಷಣೆ ಸರ್ಕಾರವೇ ಕಟ್ಟಿದ ನಿಗಮಗಳ ನೌಕರರಿಗೆ ಇರಲಿಲ್ಲ. ಕಲ್ಕತ್ತೆಯ ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್ ಅಂಥದೊಂದು ನಿಗಮ. 1967ರಲ್ಲಿ ಅದು ಹಳೆಯ ಖಾಸಗಿ ಹಡಗು ಕಂಪೆನಿಯೊಂದರ ವ್ಯವಹಾರವನ್ನೂ ನೌಕರರನ್ನೂ ವಹಿಸಿಕೊಂಡಿತು. ಹಾಗೆ ಬಂದವರಲ್ಲಿ ಬ್ರೋಜೋನಾಥ್ ಗಂಗೂಲಿ ಒಬ್ಬರು; ಲೆಕ್ಕಪತ್ರ ವಿಭಾಗದ ಹಿರಿಯ ಅಧಿಕಾರಿ. 1983ರ ಫೆಬ್ರುವರಿಯಲ್ಲಿ ನಿಗಮವು ಕರ್ತವ್ಯಲೋಪದ ಆಪಾದನೆ ಹೊರಿಸಿ ಸಮಜಾಯಿಷಿ ಕೇಳಿತು. ಅವರು ಆಪಾದನೆಯನ್ನು ಅಲ್ಲಗಳೆದರು. ನಿಗಮ ವಿಚಾರಣೆ ನಡೆಸಲಿಲ್ಲ. ಸೇವಾನಿಯಮ 9(i)ರ ಮೊರೆ ಹೊಕ್ಕಿತು. ಮೂರು ತಿಂಗಳ ನೋಟೀಸು, ಇಲ್ಲವೆ ಅಷ್ಟು ದಿನಗಳ ಸಂಬಳ, ಕಾರಣ ಬೇಕಿಲ್ಲ. ಹೊರಿಸಿದ ಆಪಾದನೆ ಸಾಬೀತಾಗಲೂ ಇಲ್ಲ, ಸುಳ್ಳಾಗಲೂ ಇಲ್ಲ; ಹುದ್ದೆ ಮಾತ್ರ ಹೋಯಿತು.

ಇಂಥ ನಿಯಮಗಳನ್ನು ಒಪ್ಪಿಯೇ ನೌಕರ ಸೇವೆಯಲ್ಲಿದ್ದಾನಲ್ಲ, ಕರಾರಿಗೆ ಕರಾರೇ ಪ್ರಮಾಣವಲ್ಲವೆ ಎಂಬುದು ಮಾಲೀಕರ ಪಕ್ಷದ ಹಳೆಯ ವಾದ. 1986ರ ಏಪ್ರಿಲ್ 6ರಂದು ತೀರ್ಪು ಬರೆದ ನ್ಯಾಯಮೂರ್ತಿ ಡಿ. ಪಿ. ಮದನ್ ಈ ಒಪ್ಪಿಗೆಯ ಬೆಲೆಯನ್ನೇ ತೂಗಿ ನೋಡಿದರು. ಒಂದು ಕಡೆ ಪ್ರಬಲ ನಿಗಮ, ಇನ್ನೊಂದು ಕಡೆ ಹೊಟ್ಟೆಪಾಡಿಗಾಗಿ ದುಡಿಯುವ ವ್ಯಕ್ತಿ. ಇಬ್ಬರ ಚೌಕಾಸಿಯ ಬಲ ಸಮವಲ್ಲದಾಗ ಅನ್ಯಾಯದ ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧವಾಗುತ್ತದೆ. ಕರಾರು ಕಾಯಿದೆಯ 23ನೆಯ ಕಲಮಿನಂತೆ ಅದು ಅನೂರ್ಜಿತ. ಸಮಾನತೆ ಸಾರುವ 14ನೆಯ ವಿಧಿಗೂ ಅದು ವಿರುದ್ಧ. ಇಂಥ ನಿಯಮಕ್ಕೆ ನ್ಯಾಯಾಲಯವಿತ್ತ ಹೆಸರು ‘ಎಂಟನೆಯ ಹೆನ್ರಿಯ ಕಲಮು’. ಅರಸನ ಮರ್ಜಿ ನಿಗಮದ ಕಚೇರಿಯಲ್ಲಿ ವೇಷ ಮರೆಸಿ ಕುಳಿತಿತ್ತೆಂಬುದಕ್ಕೆ ಇದಕ್ಕಿಂತ ತಕ್ಕ ಹೆಸರು ನನಗೆ ತಿಳಿಯದು.

1990ರಲ್ಲಿ ದೆಹಲಿ ಸಾರಿಗೆ ನಿಗಮದ ಮೊಕದ್ದಮೆಯಲ್ಲಿ ಐವರ ಪೀಠ ಬಹುಮತದಿಂದ ಇದೇ ಹಾದಿಯನ್ನು ಹಿಡಿಯಿತು. ಮುಖ್ಯ ನ್ಯಾಯಮೂರ್ತಿ ಸವ್ಯಸಾಚಿ ಮುಖರ್ಜಿಯವರು ಮಾತ್ರ, ನಿಯಮದ ಅರ್ಥವನ್ನು ಮಿತಗೊಳಿಸಿ ಉಳಿಸಿಕೊಳ್ಳಬಹುದೆಂದು ಭಿನ್ನಾಭಿಪ್ರಾಯ ಬರೆದರು.

ಈ ಗೆಲವಿಗೂ ಒಂದು ಎಲ್ಲೆಯಿದೆ. ಖಾಸಗಿ ಕಂಪೆನಿಯ ಹಿರಿಯ ವ್ಯವಸ್ಥಾಪಕನನ್ನು ಕಾರ್ಮಿಕ ಕಾನೂನು ಕಾರ್ಮಿಕನೆಂದು ಎಣಿಸುವುದಿಲ್ಲ. ಕರಾರು ಮುರಿದರೆ ಅವನಿಗೆ ಸಾಮಾನ್ಯವಾಗಿ ಸಿಕ್ಕುವುದು ಪರಿಹಾರದ ಹಣ; ಹುದ್ದೆಯಲ್ಲ. ಅಲ್ಲಿ ಮೆಟ್ಟಿಲು ಏರಿದಷ್ಟೂ ಆಸರೆಯ ಕಂಬಿ ಕೈಗೆಟುಕದಾಗುತ್ತದೆ.

ಕೆಲಸಕ್ಕೆ ಬಾರದವನನ್ನೂ ಇಟ್ಟುಕೊಳ್ಳಬೇಕೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಅವು ಕೇಳಿದ್ದು, ಕಾರಣವಿದ್ದರೆ ಅದನ್ನು ಎದುರಿಗೆ ಹೇಳಿ ಎಂದಷ್ಟೆ. ಮೂರು ತಿಂಗಳ ಸಂಬಳ ಅಷ್ಟು ದಿನದ ಅಕ್ಕಿ ಬೇಳೆಗೆ ಆದೀತು. ಇಪ್ಪತ್ತು ವರ್ಷ ದುಡಿದವನನ್ನು ನೆರೆಹೊರೆಯವರು ‘ಏನು ಮಾಡಿದ್ದನೋ’ ಎಂದು ನೋಡುವ ನೋಟಕ್ಕೆ ಅದು ಉತ್ತರವಾಗಲಾರದು.