ಚಳ್ಳೆಹಣ್ಣು ತಿನ್ನಿಸೋ ಕಲೆಗೂ ಒಂದು ಇತಿಹಾಸ ಇದೆ

ಆಟದ ಹಿಂದಿನ ಕಥೆ 🏀 ಬ್ಯಾಸ್ಕೆಟ್‌ಬಾಲ್, ಭಾಗ 3

ಎಡಕ್ಕೆ ಹೋಗೋ ಹಾಗೆ ಭುಜ ವಾಲಿಸ್ತೀರಿ. ಎದುರಿಗಿದ್ದವನೂ ಆ ಕಡೆ ವಾಲ್ತಾನೆ. ನೀವು ಬಲಕ್ಕೆ ನುಗ್ಗಿ ಬಾಲ್ ಹಾಕಿ ಬರ್ತೀರಿ. ಇಂಗ್ಲಿಷ್‌ನವರು ಇದನ್ನ ಫೇಕ್ ಅಂತಾರೆ, ನಾವು ಚಳ್ಳೆಹಣ್ಣು ತಿನ್ನಿಸೋದು ಅಂತೀವಿ. ಆದ್ರೆ ಈ ಆಟ ಹುಟ್ಟಿದಾಗ ಹೀಗೆ ನುಗ್ಗೋಕೆ ಅವಕಾಶವೇ ಇರಲಿಲ್ಲ, ಗೊತ್ತಾ?

1891ರ ಡಿಸೆಂಬರ್. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಅನ್ನೋ ಮೇಷ್ಟ್ರು 13 ನಿಯಮ ಬರೆದು ಗೋಡೆಗೆ ಅಂಟಿಸಿದರು. ಅದರಲ್ಲಿ ಒಂದು: ಚೆಂಡು ಹಿಡಿದು ಓಡಬಾರದು, ಹಿಡಿದ ಜಾಗದಿಂದಲೇ ಎಸೆಯಬೇಕು. ಡ್ರಿಬಲ್ ಅನ್ನೋ ಮಾತೇ ಇಲ್ಲ!

ಆಟಗಾರರು ಬಿಡ್ತಾರಾ? ಚೆಂಡನ್ನ ನೆಲಕ್ಕೆ ಎಸೆದು ತಾವೇ ಹಿಡಿದರೆ ಅದೂ ಎಸೆದ ಹಾಗೇ ಅಲ್ವಾ ಅಂತ ದಾರಿ ಹುಡುಕಿದರು. ಹೀಗೆ ಡ್ರಿಬಲ್ ಬಂತು. ಆದರೆ ಆಗಿನ ಚೆಂಡಿಗೆ ಶೂ ಥರ ಲೇಸ್ ಇತ್ತು, ಲೇಸ್ ಮೇಲೆ ಬಿದ್ದರೆ ಎತ್ತಲೋ ಪುಟಿಯೋದು. ಇವತ್ತಿನ ಕ್ರಾಸ್ಓವರ್ ಅದರಲ್ಲಿ ಕನಸಿನ ಮಾತು.

ಈಗ 1927ಕ್ಕೆ ಬನ್ನಿ. ಡ್ರಿಬಲ್‌ನಿಂದ ಆಟ ಒಬ್ಬನ ಕೈಗೆ ಸೇರುತ್ತೆ, ಪಾಸ್ ಕಮ್ಮಿ ಆಗುತ್ತೆ ಅನ್ನೋ ವಾದ ಜೋರಾಗಿತ್ತು. ನಿಯಮ ಸಮಿತಿ ಒಂದೇ ಒಂದು ಪುಟಿತ ಸಾಕು ಅಂತ ತೀರ್ಮಾನ ಮಾಡಿಬಿಟ್ಟಿತು. ಅದು ನಿಂತಿದ್ರೆ ಇವತ್ತು ನೀವು ನೋಡೋ ಅರ್ಧ ರೀಲ್ಸ್ ಇರ್ತಾನೇ ಇರಲಿಲ್ಲ! ನೈಸ್ಮಿತ್ ಅವರ ಶಿಷ್ಯ, ಕ್ಯಾನ್ಸಸ್‌ನ ಕೋಚ್ ಫಾಗ್ ಅಲೆನ್ ಸುಮ್ಮನಿರಲಿಲ್ಲ. ಕೋಚ್‌ಗಳನ್ನೆಲ್ಲ ಒಟ್ಟು ಸೇರಿಸಿ ವಿರೋಧಿಸಿದರು, ನಿಯಮ ವಾಪಸ್ ಹೋಯ್ತು. ಅಮೆರಿಕದ ಕೋಚ್‌ಗಳ ರಾಷ್ಟ್ರೀಯ ಸಂಘ ಹುಟ್ಟಿದ್ದೇ ಈ ಜಗಳದಿಂದ.

ಹಾಗೆ ಉಳಿದ ಡ್ರಿಬಲ್ 70 ವರ್ಷ ಆದಮೇಲೆ ಏನು ಮಾಡ್ತು ನೋಡಿ. 1997ರ ಮಾರ್ಚ್ 12, ಫಿಲಡೆಲ್ಫಿಯಾ. 21 ವರ್ಷದ ಹೊಸಬ ಅಲೆನ್ ಐವರ್ಸನ್ ಎದುರಿಗೆ ಸಾಕ್ಷಾತ್ ಮೈಕಲ್ ಜೋರ್ಡನ್. ಐವರ್ಸನ್ ಮೊದಲು ಒಂದು ಚಿಕ್ಕ ಕ್ರಾಸ್ಓವರ್ ಹಾಕಿದ. ಅದು ಬರೀ ಪರೀಕ್ಷೆ: ಜೋರ್ಡನ್ ಕದಲ್ತಾರಾ ಅಂತ. ಕದಲಿದ್ರು. ಮರುಕ್ಷಣ ದೊಡ್ಡದೊಂದು ಹಾಕಿದ, ಜೋರ್ಡನ್ ಸಾವರಿಸಿಕೊಂಡು ಕೈ ಚಾಚೋಷ್ಟರಲ್ಲಿ ಚೆಂಡು ಬಲೆ ಸೇರಿತ್ತು. ಪಂದ್ಯ ಗೆದ್ದಿದ್ದು ಜೋರ್ಡನ್ ತಂಡವೇ. ಜನ ನೆನಪಿಟ್ಟುಕೊಂಡಿದ್ದು ಮಾತ್ರ ಈ ಒಂದು ಕ್ಷಣ.

ನಿಮಗೆ ಹೇಳಬೇಕಾದ ಮುಖ್ಯ ವಿಷಯ ಈಗ. ಈ ಕ್ರಾಸ್ಓವರ್ ಐವರ್ಸನ್‌ಗೆ ಹುಟ್ಟಿನಿಂದ ಬಂದಿದ್ದಲ್ಲ. ಜಾರ್ಜ್‌ಟೌನ್‌ನಲ್ಲಿ ಓದುವಾಗ, ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರಿದ್ದ ಸಹಪಾಠಿಯೊಬ್ಬ ಪ್ರ್ಯಾಕ್ಟೀಸ್‌ನಲ್ಲಿ ಇವರನ್ನೇ ಪದೇ ಪದೇ ಯಾಮಾರಿಸ್ತಿದ್ದ. ತಂಡದ ಸ್ಟಾರ್ ಆಗಿದ್ರೂ ಐವರ್ಸನ್ ಅವನ ಹತ್ರ ಹೋಗಿ, ನನಗೂ ಹೇಳಿಕೊಡು ಅಂತ ಕೇಳಿ ಕಲಿತರು. ಇದನ್ನ ಅವರೇ ಹೇಳಿಕೊಂಡಿದ್ದಾರೆ.

ನೀವು ಕಲಿಯುವಾಗ ಇಷ್ಟು ನೆನಪಿಡಿ:

👉 ಎದುರಾಳಿಯ ಭಾರ ಒಂದು ಕಾಲಿನ ಮೇಲೆ ಬಿದ್ದಾಗ ಅವನು ತಕ್ಷಣ ಆಚೆ ಕಡೆ ತಿರುಗೋಕಾಗಲ್ಲ. ನಿಮಗೆ ಸಿಗೋದು ಆ ಅರೆಕ್ಷಣ ಅಷ್ಟೇ.
👉 ಕೈಯೊಂದೇ ಸುಳ್ಳು ಹೇಳಿದ್ರೆ ಸಾಲದು. ಕಣ್ಣು, ಭುಜ, ಹೆಜ್ಜೆ ಮೂರೂ ಸೇರಿ ಹೇಳಬೇಕು.
👉 ನಿಧಾನ ಹೋಗಿ, ದಿಕ್ಕು ಬದಲಿಸುವಾಗ ವೇಗ ಹೆಚ್ಚಿಸಿ. ಚೆಂಡು ಮೊಣಕಾಲಿಗಿಂತ ಕೆಳಗೇ ಇರಲಿ.
👉 ನೀವು ಡಿಫೆನ್ಸ್‌ನಲ್ಲಿದ್ರೆ ಚೆಂಡು ನೋಡಬೇಡಿ, ಸೊಂಟ ನೋಡಿ. ಸೊಂಟ ಅಷ್ಟು ಸುಲಭವಾಗಿ ಸುಳ್ಳು ಹೇಳಲ್ಲ.

ನಿಮ್ಮ ಟೀಮ್‌ನಲ್ಲೂ ಬೆಂಚ್ ಮೇಲೆ ಕೂರೋ ಒಬ್ಬನಿಗೆ ಇಂಥದ್ದೊಂದು ವಿದ್ಯೆ ಗೊತ್ತಿರಬಹುದು. ನಾಳೆ ಪ್ರ್ಯಾಕ್ಟೀಸ್‌ನಲ್ಲಿ ಹೋಗಿ ಕೇಳ್ತೀರಾ? ಅವರನ್ನ ಇಲ್ಲೇ ಟ್ಯಾಗ್ ಮಾಡಿ 👇

#ಆಟದಹಿಂದಿನಕಥೆ #ಬ್ಯಾಸ್ಕೆಟ್‌ಬಾಲ್ #ಕನ್ನಡ