ಮೇನ್ ರಾಜ್ಯದ ಖಾಸಗಿ ಸಂರಕ್ಷಿತ ಕಾಡುಗಳಲ್ಲಿ ಸ್ನೋಮೊಬೈಲ್ ಪ್ರವೇಶ

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ತುದಿಯಲ್ಲಿರುವ ಮೇನ್ ರಾಜ್ಯದ ಭೂಮಿಯಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ಖಾಸಗಿ ಒಡೆತನದಲ್ಲಿದೆ. ಅಲ್ಲಿ ಚಳಿಗಾಲದಲ್ಲಿ ತೆರೆದುಕೊಳ್ಳುವ ಸುಮಾರು 14,000 ಮೈಲಿ ಉದ್ದದ ಸ್ನೋಮೊಬೈಲ್ ಜಾಡುಗಳ ಬಹುಭಾಗ ಹಾದುಹೋಗುವುದು ಇಂಥ ಖಾಸಗಿ ಜಮೀನಿನ ಮೇಲೆಯೇ. ಮುಂಭಾಗದ ಸ್ಕೀ ಪಟ್ಟಿಗಳಿಂದ ದಿಕ್ಕು ಬದಲಿಸುತ್ತ, ಹಿಂಭಾಗದಲ್ಲಿ ಸುತ್ತುವ ರಬ್ಬರ್ ಪಟ್ಟಿಯ ಬಲದಿಂದ ಹಿಮದ ಮೇಲೆ ಓಡುವ ಎಂಜಿನ್ ವಾಹನಕ್ಕೆ ಸ್ನೋಮೊಬೈಲ್ ಎಂದು ಹೆಸರು. ಸಂರಕ್ಷಣೆಗೆಂದೇ ಖಾಸಗಿ ವ್ಯಕ್ತಿ ಅಥವಾ ದತ್ತಿಸಂಸ್ಥೆ ಕೊಂಡ ಭೂಮಿ ಮತ್ತು ಒಡೆತನ ಬದಲಾಗದಿದ್ದರೂ ಅಭಿವೃದ್ಧಿಯ ಹಕ್ಕನ್ನು ಕರಾರಿನ ಮೂಲಕ ಬಿಟ್ಟುಕೊಟ್ಟ ಭೂಮಿ, ಈ ಎರಡೂ ಇಲ್ಲಿ ಖಾಸಗಿ ಸಂರಕ್ಷಿತ ಭೂಮಿಯೆನಿಸುತ್ತವೆ.

ಈ ವಿಷಯವನ್ನು ಕುರಿತ ಪ್ರಚಲಿತ ನಿರೂಪಣೆಗಳಲ್ಲಿ ಎರಡು ತಪ್ಪು ತಿಳಿವಳಿಕೆಗಳು ಮತ್ತೆ ಮತ್ತೆ ಕಾಣಿಸುತ್ತವೆ. ಮೇನ್‌ನ ಕಾಡುಗಳಲ್ಲಿ ಸಂಚರಿಸುವುದು ವಸಾಹತು ಕಾಲದಿಂದಲೂ ಜನರ ಹಕ್ಕು ಎಂಬುದು ಮೊದಲನೆಯದು. ಆ ಹಕ್ಕನ್ನು ಸಂರಕ್ಷಣಾವಾದಿಗಳು ಬಂದು ಕಸಿದುಕೊಂಡರು ಎಂಬುದು ಎರಡನೆಯದು. ದಾಖಲೆಗಳು ಎರಡನ್ನೂ ಪೂರ್ತಿಯಾಗಿ ಸಮರ್ಥಿಸುವುದಿಲ್ಲ.

ಮೊದಲನೆಯದರ ಮೂಲ 1641–47ರ ಅವಧಿಯಲ್ಲಿ ಮಸಾಚುಸೆಟ್ಸ್ ಬೇ ವಸಾಹತು ಹೊರಡಿಸಿದ ಶಾಸನದಲ್ಲಿದೆ. ಮೇನ್ 1820ರವರೆಗೆ ಮಸಾಚುಸೆಟ್ಸ್‌ನ ಭಾಗವಾಗಿದ್ದುದರಿಂದ ಆ ಶಾಸನದ ತತ್ತ್ವ ಅಲ್ಲಿಯೂ ಉಳಿದುಬಂದಿತು. ಹತ್ತು ಎಕರೆಗಿಂತ ದೊಡ್ಡದಾದ ಸಹಜ ಸರೋವರಗಳನ್ನು ‘ಮಹಾಸರೋವರ’ಗಳೆಂದು ಕರೆದು, ಮೀನು ಹಿಡಿಯಲು ಮತ್ತು ಹಕ್ಕಿ ಬೇಟೆಯಾಡಲು ಅಲ್ಲಿಗೆ ಹೋಗುವವರು ಇತರರ ಜಮೀನನ್ನು ದಾಟಬಹುದೆಂದು ಅದು ಹೇಳಿತು. ಆದರೆ ಕಾಲ್ನಡಿಗೆಯಲ್ಲಿ ಮಾತ್ರ, ಬೆಳೆಯಿರುವ ಹೊಲಕ್ಕೂ ಹುಲ್ಲುಗಾವಲಿಗೂ ಹಾನಿಯಾಗದಂತೆ ದಾಟಬೇಕೆಂಬ ಷರತ್ತು ಅದರಲ್ಲೇ ಇತ್ತು. ಇಂದಿನ ಮೇನ್ ಕಾನೂನು ಸಹ ಅಭಿವೃದ್ಧಿಪಡಿಸದ ಭೂಮಿಯ ಮೇಲೆ ನಡೆದುಹೋಗುವವರಿಗಷ್ಟೇ ಈ ರಕ್ಷಣೆ ಕೊಡುತ್ತದೆ. ಎಂಜಿನ್ ವಾಹನಕ್ಕಾಗಲಿ, ಸರೋವರದ ಗುರಿಯಿಲ್ಲದ ವಿಹಾರಕ್ಕಾಗಲಿ ಈ ಶಾಸನದಿಂದ ಯಾವ ಆಧಾರವೂ ದೊರೆಯುವುದಿಲ್ಲ.

ಯಂತ್ರದ ಇತಿಹಾಸ ಸುಪರಿಚಿತ. ವಿಸ್ಕಾನ್ಸಿನ್‌ನ ಕಾರ್ಲ್ ಎಲಿಯಾಸನ್ 1924ರಲ್ಲಿ ಎಂಜಿನ್ ಅಳವಡಿಸಿದ ಹಿಮಬಂಡಿಯೊಂದನ್ನು ಕಟ್ಟಿದನು. ಕ್ವಿಬೆಕ್‌ನ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ 1959ರಲ್ಲಿ ‘ಸ್ಕೀ-ಡೂ’ ಎಂಬ ಹಗುರ ವಾಹನವನ್ನು ಮಾರುಕಟ್ಟೆಗೆ ತಂದ ಬಳಿಕ ಅದು ಜನಸಾಮಾನ್ಯರ ಕೈಗೆ ಬಂದಿತು. ಮೇನ್‌ನಲ್ಲಿ 1960ರ ದಶಕದ ಕೊನೆಯ ಹೊತ್ತಿಗೆ ಊರೂರಿನಲ್ಲಿ ಸ್ನೋಮೊಬೈಲ್ ಕ್ಲಬ್ಬುಗಳು ಹುಟ್ಟಿಕೊಂಡು, ಅವುಗಳ ಒಕ್ಕೂಟವಾಗಿ ಮೇನ್ ಸ್ನೋಮೊಬೈಲ್ ಅಸೋಸಿಯೇಷನ್ ರೂಪುಗೊಂಡಿತು.

ಆ ಕಾಲದಲ್ಲಿ ಉತ್ತರ ಮೇನ್‌ನ ಕಾಡುಗಳು ಬಹುಮಟ್ಟಿಗೆ ಕಾಗದದ ಕಂಪನಿಗಳ ಮತ್ತು ಕೆಲವು ಹಳೆಯ ಜಮೀನ್ದಾರಿ ಕುಟುಂಬಗಳ ಸ್ವತ್ತಾಗಿದ್ದವು. ಮಿಲಿನಾಕೆಟ್‌ನ ಗ್ರೇಟ್ ನಾರ್ದರ್ನ್ ಪೇಪರ್‌ನಂಥ ಕಂಪನಿಗೆ ಬೇಕಿದ್ದುದು ಮರವೇ ಹೊರತು ಏಕಾಂತವಲ್ಲ. ಕಾಡಿನೊಳಗೆ ಬರುವವರಲ್ಲಿ ಹಲವರು ಅದರ ಕಾರ್ಖಾನೆಯ ನೌಕರರೇ ಆಗಿದ್ದುದರಿಂದ ಅವರನ್ನು ತಡೆಯುವುದು ಅದಕ್ಕೆ ಲಾಭದ ಮಾತೂ ಆಗಿರಲಿಲ್ಲ. ಕೆನೆಬೆಕ್ ನದಿಯಲ್ಲಿ ದಿಮ್ಮಿ ತೇಲಿಬಿಡುವ ಪದ್ಧತಿ 1976ರಲ್ಲಿ ನಿಂತಿತು. ಸಾಗಣೆ ನದಿಯಿಂದ ನೆಲಕ್ಕೆ ಬಂದಂತೆ ಕಂಪನಿಗಳು ಹಾಕಿದ ಖಾಸಗಿ ರಸ್ತೆಗಳು ಕಾಡಿನ ತುಂಬ ಹರಡಿಕೊಂಡವು, ಮತ್ತು ಚಳಿಗಾಲದಲ್ಲಿ ಅವುಗಳ ಮೇಲೆಯೇ ಸ್ನೋಮೊಬೈಲ್ ಜಾಡುಗಳು ಮೂಡಿದವು. ಅನುಮತಿಯೆಂದರೆ ಕ್ಲಬ್ಬಿನ ಪದಾಧಿಕಾರಿ ಮತ್ತು ಕಂಪನಿಯ ಅರಣ್ಯಾಧಿಕಾರಿಯ ನಡುವಿನ ಬಾಯಿಮಾತು, ಹೆಚ್ಚೆಂದರೆ ಒಂದು ಪತ್ರ. ಊರುಗಳನ್ನು ಬೆಸೆಯುವ ‘ಪರಸ್ಪರ ಜೋಡಿತ ಜಾಡು ವ್ಯವಸ್ಥೆ’ ನಿಂತದ್ದೂ ಇಂಥ ಒಪ್ಪಿಗೆಗಳ ಮೇಲೆಯೇ.

ಕಾನೂನು ಈ ಔದಾರ್ಯಕ್ಕೆ ಹಕ್ಕಿನ ರೂಪ ಕೊಡುವ ಬದಲು ಮಾಲೀಕನ ಭಯವನ್ನು ಕಡಿಮೆಮಾಡುವ ದಾರಿ ಹಿಡಿಯಿತು. ಮನರಂಜನೆಗಾಗಿ ಬಂದವರು ಜಮೀನಿನಲ್ಲಿ ಗಾಯಗೊಂಡರೆ, ಅಪಾಯವನ್ನು ದುರುದ್ದೇಶದಿಂದ ಮುಚ್ಚಿಟ್ಟಂಥ ಸಂದರ್ಭಗಳನ್ನು ಬಿಟ್ಟರೆ, ಮಾಲೀಕನು ಹೊಣೆಯಲ್ಲವೆಂದು ಮೇನ್‌ನ ಮನರಂಜನಾ ಬಳಕೆ ಕಾಯಿದೆ ಹೇಳುತ್ತದೆ. ಮೊಕದ್ದಮೆಯಲ್ಲಿ ಗೆದ್ದ ಮಾಲೀಕನಿಗೆ ವಕೀಲರ ಶುಲ್ಕವನ್ನೂ ಕೊಡಿಸುತ್ತದೆ. 2002ರ ಲಯನ್ಸ್ ಪ್ರಕರಣದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೇಲಿಯೂ ನಿಷೇಧದ ಫಲಕವೂ ಇಲ್ಲದ ಭೂಮಿಯಲ್ಲಿ ಸಾರ್ವಜನಿಕರು ವಿಹರಿಸಿದ್ದರೆ ಅದು ಮಾಲೀಕನ ಅನುಮತಿಯಿಂದಲೇ ನಡೆದದ್ದೆಂದು ಭಾವಿಸಬೇಕೆಂದು ತೀರ್ಮಾನಿಸಿತು. ಅನುಮತಿಯಿಂದ ನಡೆದ ಬಳಕೆ ಎಷ್ಟು ವರ್ಷ ಮುಂದುವರಿದರೂ ರೂಢಿಯ ದಾರಿಹಕ್ಕಾಗಿ ಮಾರ್ಪಡದು. ಹೀಗಾಗಿ ‘ತೆರೆದ ಭೂಮಿಯ ಸಂಪ್ರದಾಯ’ವೆಂದು ಹೊಗಳಿಸಿಕೊಳ್ಳುವ ಪದ್ಧತಿಯೇ ಅದರ ಫಲಾನುಭವಿಗಳಿಗೆ ಶಾಶ್ವತ ಹಕ್ಕು ಹುಟ್ಟದಂತೆ ನೋಡಿಕೊಳ್ಳುವ ನಿಯಮವೂ ಆಗಿದೆ, ಹಕ್ಕು ಹುಟ್ಟುತ್ತದೆಂಬ ಆತಂಕವಿದ್ದಿದ್ದರೆ ಎಷ್ಟೋ ಮಾಲೀಕರು ಮೊದಲೇ ಗೇಟು ಹಾಕುತ್ತಿದ್ದರೆಂಬುದು ಇದರ ಹಿಂದಿನ ತರ್ಕ.

ಈ ಇತಿಹಾಸದ ನಿಜವಾದ ತಿರುವು ಇರುವುದು ಯಂತ್ರ ಬಂದ 1959ರಲ್ಲಲ್ಲ, ಭೂಮಿ ಕೈಬದಲಾದ 1998ರಲ್ಲಿ. ಆ ವರ್ಷ ಸಾಪ್ಪಿ ಎಂಬ ಕಾಗದದ ಕಂಪನಿ ಸುಮಾರು 9 ಲಕ್ಷ ಎಕರೆಯನ್ನು ಪ್ಲಮ್ ಕ್ರೀಕ್ ಎಂಬ ಮರದ ಕಂಪನಿಗೆ ಮಾರಿತು. ಇಂಟರ್‌ನ್ಯಾಷನಲ್ ಪೇಪರ್‌ನಿಂದ ಸೇಂಟ್ ಜಾನ್ ನದಿಯ ದಂಡೆಯ 1,85,000 ಎಕರೆಯನ್ನು ನೇಚರ್ ಕನ್ಸರ್ವೆನ್ಸಿ ಎಂಬ ಸಂಸ್ಥೆ 3.5 ಕೋಟಿ ಡಾಲರಿಗೆ ಕೊಂಡಿತು. ಬಾಯಿಮಾತಿನ ಅನುಮತಿ ಕೊಟ್ಟವರೇ ಹೊರಟುಹೋದಾಗ, ಆ ಮಾತು ಹೊಸಬರನ್ನು ಬಂಧಿಸುವುದಿಲ್ಲವೆಂಬುದು ಕ್ಲಬ್ಬುಗಳಿಗೆ ಸ್ಪಷ್ಟವಾಯಿತು.

ಪ್ರವೇಶವನ್ನು ಕಾಗದಕ್ಕೆ ಇಳಿಸುವ ಸಾಧನವಾಗಿ ಸಂರಕ್ಷಣಾ ಈಸ್ಮೆಂಟ್ ಮುನ್ನೆಲೆಗೆ ಬಂದದ್ದು ಈ ಘಟ್ಟದಲ್ಲಿ. ಮಾಲೀಕನು ಜಮೀನನ್ನು ತನ್ನಲ್ಲೇ ಉಳಿಸಿಕೊಂಡು, ಕಟ್ಟಡ ಕಟ್ಟುವ, ತುಂಡು ಮಾಡಿ ಮಾರುವ ಹಕ್ಕುಗಳನ್ನು ಟ್ರಸ್ಟಿಗೋ ಸರ್ಕಾರಕ್ಕೋ ಶಾಶ್ವತವಾಗಿ ಬಿಟ್ಟುಕೊಡುವ ನೋಂದಾಯಿತ ಕರಾರು ಇದು; ಜಮೀನು ಯಾರ ಕೈಗೆ ಹೋದರೂ ಕರಾರು ಅದರೊಂದಿಗೇ ಹೋಗುತ್ತದೆ. ಆದರೆ ಈಸ್ಮೆಂಟ್ ಇದ್ದಲ್ಲೆಲ್ಲ ಪ್ರವೇಶವಿದೆ ಎಂದು ಹಲವು ಬರಹಗಳು ಊಹಿಸುವುದು ತಪ್ಪು. ವನ್ಯಜೀವಿಗಳ ನೆಲೆಯನ್ನು ಕಾಪಾಡುವ ಈಸ್ಮೆಂಟಿಗೆ ಫೆಡರಲ್ ತೆರಿಗೆ ವಿನಾಯಿತಿ ಪಡೆಯಲು ಸಾರ್ವಜನಿಕ ಪ್ರವೇಶ ಕಡ್ಡಾಯವಲ್ಲ. 2001ರಲ್ಲಿ ಹಳೆಯ ಜಮೀನ್ದಾರಿ ಕುಟುಂಬಗಳಲ್ಲೊಂದಾದ ಪಿಂಗ್ರಿ ಕುಟುಂಬದ 7,62,192 ಎಕರೆಯ ಅಭಿವೃದ್ಧಿ ಹಕ್ಕನ್ನು ನ್ಯೂ ಇಂಗ್ಲೆಂಡ್ ಫಾರೆಸ್ಟ್ರಿ ಫೌಂಡೇಷನ್ ಸುಮಾರು 2.8 ಕೋಟಿ ಡಾಲರಿಗೆ ಕೊಂಡಾಗ, ಸಾರ್ವಜನಿಕ ಪ್ರವೇಶದ ಖಾತರಿ ಆ ಕರಾರಿನಲ್ಲಿರಲಿಲ್ಲ. ಬಳಕೆ ಹಿಂದಿನಂತೆ ಕುಟುಂಬದ ಒಪ್ಪಿಗೆಯ ಮೇಲೆಯೇ ಮುಂದುವರಿಯಿತು. ಮರುವರ್ಷ ಸಾಲದಲ್ಲಿ ಮುಳುಗಿದ್ದ ಗ್ರೇಟ್ ನಾರ್ದರ್ನ್ ಪೇಪರ್‌ನ 5 ಕೋಟಿ ಡಾಲರ್ ಸಾಲಪತ್ರಗಳನ್ನು ನೇಚರ್ ಕನ್ಸರ್ವೆನ್ಸಿ ಕೊಂಡು, ಪ್ರತಿಯಾಗಿ 41,000 ಎಕರೆಯ ಒಡೆತನವನ್ನೂ 2 ಲಕ್ಷ ಎಕರೆಯ ಮೇಲೆ ಈಸ್ಮೆಂಟನ್ನೂ ಪಡೆಯಿತು. ಅದರಲ್ಲಿ ಸಾರ್ವಜನಿಕ ಪ್ರವೇಶವನ್ನು ಬರೆದಿಡಲಾಯಿತು. ಎರಡೂ ಭೂಮಿಗಳು ನಕ್ಷೆಯಲ್ಲಿ ಒಂದೇ ಬಣ್ಣದಲ್ಲಿ ಕಾಣುತ್ತವಾದರೂ ಸವಾರನ ಸ್ಥಾನ ಎರಡರಲ್ಲಿ ಒಂದೇ ಅಲ್ಲ.

ಅತಿ ಹೆಚ್ಚು ವಿವಾದಕ್ಕೊಳಗಾದದ್ದು ರಾಕ್ಸನ್ ಕ್ವಿಂಬಿಯ ಪ್ರಕರಣ. ಬರ್ಟ್ಸ್ ಬೀಸ್ ಎಂಬ ಸೌಂದರ್ಯವರ್ಧಕ ಕಂಪನಿಯ ಸಹಸ್ಥಾಪಕಿಯಾದ ಈಕೆ ತನ್ನ ಸಂಪತ್ತಿನಿಂದ ಬ್ಯಾಕ್ಸ್‌ಟರ್ ರಾಜ್ಯೋದ್ಯಾನದ ಪೂರ್ವಕ್ಕೆ, ಪೆನೋಬ್‌ಸ್ಕಾಟ್ ನದಿಯ ಪೂರ್ವ ಕವಲಿನ ಇಕ್ಕೆಲಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ಕಾಡು ಕೊಂಡಳು. 2003ರಲ್ಲಿ ಕೊಂಡ ಸುಮಾರು 24,000 ಎಕರೆಯ ಒಂದು ಟೌನ್‌ಶಿಪ್ (ಭೂಮಾಪನದ ಘಟಕ) ಇವುಗಳಲ್ಲಿ ದೊಡ್ಡದು. ರಾಷ್ಟ್ರೀಯ ಉದ್ಯಾನವಾಗಿಸುವ ಗುರಿಯಿಂದ ಮರ ಕಡಿಯುವುದು, ಬೇಟೆ ಮತ್ತು ಸ್ನೋಮೊಬೈಲ್ ಸಂಚಾರವನ್ನು ಈಕೆ ನಿಷೇಧಿಸಿದಾಗ ಸುತ್ತಲಿನ ಊರುಗಳಲ್ಲಿ ಭಾರಿ ವಿರೋಧ ಎದ್ದಿತು. ‘ರಾಕ್ಸನ್‌ಳನ್ನು ನಿಷೇಧಿಸಿ’ ಎಂಬ ಅರ್ಥದ ಚೀಟಿಗಳು ವಾಹನಗಳ ಮೇಲೆ ಕಾಣಿಸಿಕೊಂಡವು. ಕಾನೂನಿನ ದೃಷ್ಟಿಯಿಂದ ಆಕೆಯ ಕ್ರಮದಲ್ಲಿ ದೋಷವಿರಲಿಲ್ಲ, ಏಕೆಂದರೆ ಹಿಂದೆಗೆದದ್ದು ಅನುಮತಿಯನ್ನೇ ಹೊರತು ಹಕ್ಕನ್ನಲ್ಲ. ಊರಿನವರ ಸಿಟ್ಟಿಗೂ ಕಾರಣವಿತ್ತು: ಕಾರ್ಖಾನೆಗಳು ಒಂದೊಂದಾಗಿ ಸೊರಗುತ್ತಿದ್ದ ಆ ಭಾಗದಲ್ಲಿ ಹೋಟೆಲು, ಪೆಟ್ರೋಲ್ ಬಂಕುಗಳಿಗೆ ಚಳಿಗಾಲದ ಸವಾರರೇ ಆಸರೆಯಾಗಿದ್ದರು, ಮತ್ತು ಉದ್ದದ ಜಾಡೊಂದು ಒಂದೇ ಜಮೀನಿನಲ್ಲಿ ತುಂಡಾದರೂ ಅದರ ಆಚೀಚಿನ ಹತ್ತಾರು ಮೈಲಿಗಳು ವ್ಯರ್ಥವಾಗುತ್ತವೆ.

ಈ ಕಥೆಯನ್ನು 2003ಕ್ಕೇ ನಿಲ್ಲಿಸುವ ನಿರೂಪಣೆಗಳು ಅದರ ಮುಖ್ಯ ಭಾಗವನ್ನೇ ಬಿಟ್ಟುಬಿಡುತ್ತವೆ. 2011ರಲ್ಲಿ ಕ್ವಿಂಬಿ ಸುಮಾರು 70,000 ಎಕರೆಯನ್ನು ಉದ್ಯಾನಕ್ಕೆ ಕೊಟ್ಟು, ಬೇಟೆ ಮತ್ತು ಸ್ನೋಮೊಬೈಲಿಗೆ ಬೇರೆ 30,000 ಎಕರೆಯನ್ನು ಮೀಸಲಿಡುವ ಪ್ರಸ್ತಾಪವನ್ನು ಮುಂದಿಟ್ಟಳು. ಬಳಿಕ ಯೋಜನೆಯ ಹೊಣೆ ಹೊತ್ತ ಮಗ ಲೂಕಾಸ್ ಸೇಂಟ್ ಕ್ಲೇರ್ ಸ್ಥಳೀಯರೊಂದಿಗೆ ಮಾತುಕತೆ ನಡೆಸಿ ಭೂಮಿಯ ಒಂದು ಭಾಗವನ್ನು ಈ ಎರಡೂ ಬಳಕೆಗೆ ಮತ್ತೆ ತೆರೆದನು. 2016ರ ಆಗಸ್ಟ್ 24ರಂದು ಅಧ್ಯಕ್ಷ ಬರಾಕ್ ಒಬಾಮ, ಕುಟುಂಬದ ಸಂಸ್ಥೆಯಾದ ಎಲಿಯಟ್ಸ್‌ವಿಲ್ ಪ್ಲಾಂಟೇಷನ್ ದಾನ ಕೊಟ್ಟ ಸುಮಾರು 87,500 ಎಕರೆಯನ್ನು ಕಟಾಡಿನ್ ವುಡ್ಸ್ ಅಂಡ್ ವಾಟರ್ಸ್ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ರಾಷ್ಟ್ರೀಯ ಉದ್ಯಾನ ಸೇವೆಯ ಸಾಮಾನ್ಯ ನಿಯಮದಂತೆ ಗೊತ್ತುಪಡಿಸಿದ ಮಾರ್ಗಗಳಲ್ಲದೆ ಬೇರೆಲ್ಲೂ ಸ್ನೋಮೊಬೈಲಿಗೆ ಅವಕಾಶವಿಲ್ಲ. ಆದರೆ ದಾನದ ಷರತ್ತುಗಳು ನದಿಯ ಪೂರ್ವ ದಿಕ್ಕಿನಲ್ಲಿ ಬೇಟೆಗೂ ನಿಗದಿತ ಜಾಡುಗಳಲ್ಲಿ ಸ್ನೋಮೊಬೈಲಿಗೂ ಜಾಗ ಉಳಿಸಿದವು. ನಿಷೇಧ ಹೇರಿದ ಮಾಲೀಕಳ ಭೂಮಿಯಲ್ಲೇ ಸಂಚಾರಕ್ಕೆ ಬಾಯಿಮಾತನ್ನು ಮೀರಿದ ಲಿಖಿತ ಆಧಾರ ಸಿಕ್ಕಿದ್ದನ್ನು ಎರಡು ಪಕ್ಷಗಳ ಬರಹಗಾರರೂ ಅಷ್ಟಾಗಿ ಗಮನಿಸಿಲ್ಲ.

ಮೇನ್‌ಗೆ ಹೋಲಿಸಿದರೆ ನ್ಯೂಯಾರ್ಕ್ ರಾಜ್ಯದ ಅಡಿರಾಂಡಕ್ ಪ್ರದೇಶದಲ್ಲಿ ಸ್ಥಿತಿ ತಿರುವುಮುರುವಾಗಿದೆ. ಅಲ್ಲಿನ ಸರ್ಕಾರಿ ಕಾಡನ್ನು ಎಂದೆಂದಿಗೂ ಕಾಡಾಗಿಯೇ ಉಳಿಸಬೇಕೆಂದು 1894ರಿಂದ ರಾಜ್ಯ ಸಂವಿಧಾನವೇ ವಿಧಿಸುತ್ತದೆ. ಸುಮಾರು 27 ಮೈಲಿ ಸ್ನೋಮೊಬೈಲ್ ಜಾಡಿಗಾಗಿ ಸಾವಿರಾರು ಮರ ಕಡಿಯುವ ಯೋಜನೆಯನ್ನು ರಾಜ್ಯದ ಅತ್ಯುನ್ನತ ನ್ಯಾಯಾಲಯ 2021ರ ಮೇ ತಿಂಗಳಿನಲ್ಲಿ ಸಂವಿಧಾನಬಾಹಿರವೆಂದು ತಳ್ಳಿಹಾಕಿದ ಮೇಲೆ, ಊರುಗಳನ್ನು ಬೆಸೆಯುವ ಹೊಸ ಮಾರ್ಗಗಳಿಗೆ ಈಸ್ಮೆಂಟಿರುವ ಖಾಸಗಿ ಕಾಡುಗಳ ಮಹತ್ವ ಇನ್ನಷ್ಟು ಹೆಚ್ಚಿತು.

ಮೇನ್‌ನ ಇನ್ನೊಂದು ದೊಡ್ಡ ಕರಾರು ಮೂಸ್‌ಹೆಡ್ ಸರೋವರದ ಸುತ್ತಲಿನದು. ಪ್ಲಮ್ ಕ್ರೀಕ್ ಅಲ್ಲಿ ವಿಹಾರಧಾಮಗಳನ್ನು ಕಟ್ಟಲು 2009ರಲ್ಲಿ ಅನುಮೋದನೆ ಪಡೆಯುವಾಗ ಒಪ್ಪಿಕೊಂಡ 3,63,000 ಎಕರೆಯ ಈಸ್ಮೆಂಟ್ 2012ರಲ್ಲಿ ಜಾರಿಗೆ ಬಂದು, ಫಾರೆಸ್ಟ್ ಸೊಸೈಟಿ ಆಫ್ ಮೇನ್‌ನ ವಶದಲ್ಲಿದೆ. ವಿಹಾರಧಾಮಗಳು ಮೇಲೇಳಲಿಲ್ಲ, ಉತ್ತರಾಧಿಕಾರಿ ಕಂಪನಿಯಾದ ವೇಯರ್‌ಹೌಸರ್ ಯೋಜನೆಯನ್ನೇ ಕೈಬಿಟ್ಟಿತು. ಈಸ್ಮೆಂಟ್ ಮತ್ತು ಅದರಲ್ಲಿ ಬರೆದ ಸಾರ್ವಜನಿಕ ಪ್ರವೇಶ ಮಾತ್ರ ಉಳಿದಿವೆ. ಇಂಥ ಕರಾರುಗಳ ವ್ಯಾಪ್ತಿಗೆ ಬಾರದ ಖಾಸಗಿ ಜಮೀನಿನಲ್ಲಿ ಜಾಡು ತೆರೆಯಲು ಕ್ಲಬ್ಬುಗಳು ಇಂದಿಗೂ ಮಾಲೀಕರ ಒಪ್ಪಿಗೆಯನ್ನೇ ಪಡೆಯಬೇಕಾಗಿದ್ದು, ಅದನ್ನು ಹಿಂಪಡೆಯುವ ಅಧಿಕಾರ ಮಾಲೀಕರಲ್ಲೇ ಇದೆ.